ಬೆಲ್ಲ ಬೀಳುವ ಮೊದಲು

ಲಿಂಗಸುಗೂರಿಗೆ ಗಂಡಿನ ಮನೆ ನೋಡಲು ಹೊರಟ ದಿನ ಶೇಖರಮ್ಮನಿಗೆ ಕೋಳಿ ಕೂಗುವ ಮೊದಲೇ ಎಚ್ಚರವಾಗಿತ್ತು. ಮೊಮ್ಮಗಳು ಶಿವಕುಮಾರಿಗೆ ಹುಡುಗ ಒಪ್ಪಿಗೆ, ಹುಡುಗ ಶಿವಕಾಂತನಿಗೆ ಹುಡುಗಿ ಒಪ್ಪಿಗೆ. ಇನ್ನು ಹೆಣ್ಣಿನ ಕಡೆಯ ಹಿರಿಯರು ಹೋಗಿ, ಮನೆ ನೋಡಿ, ಅಲ್ಲಿ ಕೂತು ಉಂಡು ಎದ್ದರೆ ಆಯಿತು. ಈ ಕಡೆ ಮಾತು ಪಕ್ಕಾ ಆಗುವುದು ಗಂಗಾಳದ ಮುಂದೆ. ಉಂಡರೆ ಒಪ್ಪಿದಂತೆ, ಬರೀ ನೀರು ಕುಡಿದು ಎದ್ದು ಬಂದರೆ ಒಲ್ಲೆ ಎಂದಂತೆ.

ಎಲ್ಲರ ಹೆದರಿಕೆಯೂ ಅಲ್ಲೇ ಇತ್ತು. ಹುಡುಗಿಯ ತಂದೆ, ಅಂದರೆ ಶೇಖರಮ್ಮನ ಮಗ ಸಂಗನಬಸವ, ಎರಡು ತಿಂಗಳ ಹಿಂದೆ ಹುಬ್ಬಳ್ಳಿಗೆ ಹೋಗಿ ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡು ಬಂದಿದ್ದ. ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ಅವನು ಕೂರಲೆಂದೇ ಬಡಗಿ ಬೇರೆ ಕುರ್ಚಿ ಮಾಡಿಕೊಟ್ಟಿದ್ದ. ಪಂಕ್ತಿಗೆ ಅವನು ಬಂದು ಕೂತನೆಂದರೆ ಬಡಿಸುವವರು ಸೊಂಟಕ್ಕೆ ಟವೆಲು ಬಿಗಿಯುತ್ತಿದ್ದರು. ಅಂಥವನ ಹೊಟ್ಟೆಯ ಚೀಲ ಈಗ ಒಂದು ಬಾಳೆಹಣ್ಣಿನಷ್ಟು.

ಹುಬ್ಬಳ್ಳಿಯಲ್ಲಿ ಊಟದ ಬಗ್ಗೆ ಹೇಳುವ ಮೇಡಂ ಸೊಸೆ ಶೈಲಜಾಳನ್ನು ಕೂರಿಸಿಕೊಂಡು ಎಲ್ಲ ವಿವರಿಸಿದ್ದರು. ಮೊದಮೊದಲು ಬರೀ ತಿಳಿ, ಆಮೇಲೆ ನುಣ್ಣಗೆ ಅರೆದದ್ದು, ಆಮೇಲೆ ಮೆತ್ತಗಿನದು. ಸಿಹಿ ಬೇಡ, ಕರಿದದ್ದು ಬೇಡ, ಉಣ್ಣುವಾಗ ನೀರು ಬೇಡ. ಬೇಳೆ, ಮೊಸರು, ಪನೀರ್ ಮೊದಲು. ಹೊಟ್ಟೆಯಲ್ಲಿ ಜಾಗ ಉಳಿದರೆ ಅನ್ನ. ಊರಿಗೆ ಬಂದ ಮೊದಲ ವಾರ ಶೈಲಜಾ ಗಂಡನಿಗೊಂದು, ಮನೆಗೊಂದು ಎಂದು ಎರಡೆರಡು ಅಡಿಗೆ ಮಾಡಿ ಹೈರಾಣಾದಳು. ಆಗ ಶೇಖರಮ್ಮ ಒಲೆಯ ಮುಂದೆ ಕೂತು ಹೇಳಿದ್ದು ಒಂದೇ ಮಾತು: "ಒಂದ ಗಡಿಗಿ ಸಾಕವ್ವ. ಖಾರ, ಒಗ್ಗರಣಿ ಬೀಳೂಕಿಂತ ಮೊದ್ಲ ಅವನ ಪಾಲು ತೆಗದಿಡು."

ಅಲ್ಲಿಂದ ದಾರಿ ಸಲೀಸಾಯಿತು. ಹೆಸರುಬೇಳೆ ಬೆಂದ ಕೂಡಲೆ ಒಂದು ಸೌಟು ಬೇರೆ, ಹೀರೇಕಾಯಿ ಬೆಂದ ಕೂಡಲೆ ನಾಲ್ಕು ಹೋಳು ಬೇರೆ. ಕಡಗೋಲಿನಿಂದ ಮಸೆದು, ಜೀರಿಗೆ ಉದುರಿಸಿ, ಪುಟ್ಟ ಪುಟ್ಟ ಬಟ್ಟಲಿಗೆ ತುಂಬಿ ಫ್ರಿಜ್ಜಿನಲ್ಲಿಟ್ಟರೆ ಎರಡು ದಿನ ನಿಶ್ಚಿಂತೆ. ಗಿರಣಿಯಿಂದ ಬಂದವನು ಒಂದು ಬಟ್ಟಲು ಬಿಸಿ ಮಾಡಿಕೊಂಡು, ಕೂಸಿನ ಚಮಚದಲ್ಲಿ ತಿನ್ನುತ್ತಿದ್ದ. ಮಗ ಇಳಿಯುತ್ತ ಹೋದ. ಅಂಗಿ ಜೋಲಾಡಿತು. ಶೇಖರಮ್ಮನಿಗೆ ದಿನಕ್ಕೊಂದು ಹಿಗ್ಗು.

ಆದರೆ ಸಂಗನಬಸವ ಆಪರೇಷನ್ ವಿಷಯ ಮನೆಯ ಹೊಸ್ತಿಲು ದಾಟದಂತೆ ನೋಡಿಕೊಂಡಿದ್ದ. ತೆಳ್ಳಗಾದವನನ್ನು ಕಂಡು ಪೇಟೆಯಲ್ಲಿ ಆಗಲೇ ಗುಸುಗುಸು ಎದ್ದಿತ್ತು. ಏನೋ ರೋಗವಂತೆ, ಹೆಚ್ಚು ದಿನ ಇಲ್ಲವಂತೆ. ಅದು ಬೀಗರ ಕಿವಿಗೆ ಬಿದ್ದರೆ ಮಗಳ ಗತಿಯೇನು ಎಂಬುದು ಅವನ ಚಿಂತೆ.

"ಒಂದು ಡಬ್ಬಿ ಕಟ್ಟೀನಪ್ಪ, ಚೀಲದಾಗ ಇರ್ಲಿ," ಎಂದಳು ಶೇಖರಮ್ಮ.

"ಯವ್ವಾ, ಬೀಗರ ಮನಿಗೆ ಡಬ್ಬಿ ಒಯ್ದ್ರ ನಿಮ್ಮ ಅನ್ನ ನಮಗ ಒಲ್ಲೆ ಅಂದಂಗ ಆಗ್ತೈತಿ. ನಾ ಹೋಳಿಗಿ ಉಣತೀನಿ. ಒಂದ ಒಂದು."

"ಬಳಗಾನೂರಾಗ ಎರಡು ಚಮಚಿ ಪಾಯಸಕ್ಕ ಏನಾತು, ಮರ್ತಿ ಏನು?"

ಸಂಗನಬಸವ ಮರೆತಿರಲಿಲ್ಲ. ಆ ದಿನ ನೆಂಟರ ಮನೆಯಲ್ಲಿ ಮೈಯೆಲ್ಲ ಬೆವತು, ಎದೆ ಡವಡವ ಹೊಡೆದುಕೊಂಡು, ಕಣ್ಣು ಕತ್ತಲೆ ಬಂದು ದನದ ಕೊಟ್ಟಿಗೆಯ ಕಟ್ಟೆಯ ಮೇಲೆ ಮಲಗಿಬಿಟ್ಟಿದ್ದ. ಬೀಗರ ಪಂಕ್ತಿಯಲ್ಲಿ ಹಾಗಾದರೆ ಗುಸುಗುಸು ಖರೆಯೇ ಆದಂತೆ. ಉಣ್ಣದೆ ಎದ್ದರೂ ಕೆಟ್ಟಿತು, ಉಂಡು ಬಿದ್ದರೂ ಕೆಟ್ಟಿತು.

ಕಾರು ಮಸ್ಕಿ ದಾಟುವ ಹೊತ್ತಿಗೆ ಬಿಸಿಲೇರಿತ್ತು. ಮೊಮ್ಮಗಳು ಮನೆಯಿಂದ ಮತ್ತೆ ಮತ್ತೆ ಫೋನು ಮಾಡುತ್ತಿದ್ದಳು.

"ಆಯಿ, ಎಲ್ಲಿದೀರಿ? ಅಪ್ಪಗ ಉಂಡೇ ಏಳು ಅಂತ ಹೇಳು. ಅಲ್ಲ, ಭಾಳ ಉಣಬ್ಯಾಡ ಅಂತ ಹೇಳು. ನನಗ ಏನೂ ತಿಳಿವಲ್ದು."

"ನನಗರ ಎಲ್ಲಿ ತಿಳದೈತಿ. ಫೋನಿಡು," ಎಂದಳು ಶೇಖರಮ್ಮ. ಅವಳಿಗೂ ಎದೆಯಲ್ಲಿ ಹಲಗಿ ಬಾರಿಸಿದಂತಾಗುತ್ತಿತ್ತು. ಇಷ್ಟು ವಯಸ್ಸಿಗೆ ಎಷ್ಟು ಮದುವೆ ನೋಡಿದ್ದಳೋ, ತನ್ನ ಮದುವೆಯಲ್ಲೂ ಹೀಗಾಗಿರಲಿಲ್ಲ.

ಲಿಂಗಸುಗೂರಿನ ಮನೆ ಚೆನ್ನಾಗಿತ್ತು. ಹುಡುಗನ ತಾಯಿ ಸುಕನ್ಯಾ ನಗುನಗುತ್ತ ಕಾಲಿಗೆ ನೀರು ಕೊಟ್ಟಳು. ತಂದೆಯಿಲ್ಲದ ಹುಡುಗನಿಗೆ ದೊಡ್ಡಜ್ಜ ಶಿವಶರಣಪ್ಪನೇ ಹಿರಿಯ; ಆ ಮನೆಯಲ್ಲಿ ಅವನ ಮಾತೇ ಕೊನೆಯದು. ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದವನು ಸಂಗನಬಸವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಸಾವ್ಕಾರ್ರ, ಭಾಳ ಇಳದೀರಲ್ಲ. ತಬ್ಯತ್ ಆರಾಮ ಐತಿಲ್ಲ?"

"ಆರಾಮ ಐತ್ರಿ. ಗಿರಣಿ ಓಡಾಟರಿ."

"ಓಡಾಟಕ್ಕ ಇಷ್ಟು ಇಳೀತಾರೇನ್ರಿ? ಇರ್ಲಿ. ಇವತ್ತು ನಮ್ಮ ಸುಕನ್ಯಾನ ಹೋಳಿಗಿ ಉಣ್ರಿ, ಒಂದು ಮುಟಗಿ ಮಾಂಸ ಬರ್ತೈತಿ. ಉಂಡಿಂದ ಮಾತು."

ಸಂಗನಬಸವ ನಕ್ಕ. ಆ ನಗೆಯಲ್ಲಿ ಜೀವವಿರಲಿಲ್ಲ. ಶೈಲಜಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು.

ಶೇಖರಮ್ಮ ಕೂತಲ್ಲಿಂದ ಅಡಿಗೆಮನೆ ಕಾಣುತ್ತಿತ್ತು. ಸುಕನ್ಯಾ ಬೆಂದ ಬೇಳೆಯ ಬೋಗುಣಿ ಇಳಿಸಿ, ಕಟ್ಟು ಬಸಿದು, ಬೇಳೆಯನ್ನು ಪರಾತಕ್ಕೆ ಸುರಿದಳು. ಹಬೆ ಎದ್ದಿತು. ಬೆರಳಿಟ್ಟರೆ ಕರಗುವ ಬೇಳೆ. ಉಪ್ಪಿಲ್ಲ, ಖಾರವಿಲ್ಲ, ಎಣ್ಣೆಯಿಲ್ಲ. ಪಕ್ಕದಲ್ಲಿ ನೆರೆಮನೆಯ ರಾಜಾಬೀ ಬೆಲ್ಲದ ಅಚ್ಚನ್ನು ಒರಳುಗುಂಡಿನಿಂದ ಒಡೆಯುತ್ತಿದ್ದಳು. ಟಕ್, ಟಕ್. ಪುಡಿಯಾದ ಬೆಲ್ಲ ತಾಟಿನಲ್ಲಿ ಗುಡ್ಡೆ ಬಿದ್ದಿತು. ರಾಜಾಬೀ ಆ ತಾಟನ್ನು ಎರಡೂ ಕೈಯಲ್ಲಿ ಎತ್ತಿದಳು.

ಇನ್ನೂ ಒಪ್ಪಿಗೆಯಾಗದ ಮನೆಯ ಅಡಿಗೆಕೋಣೆಗೆ ಹೆಣ್ಣಿನ ಕಡೆಯವರು ಕಾಲಿಡುವುದಿಲ್ಲ. ಅದು ಶೇಖರಮ್ಮನಿಗೆ ಗೊತ್ತಿರಲಿಲ್ಲವೇ? ಆದರೂ ಎದ್ದಳು. ಮೊಣಕಾಲು ನೋವನ್ನೂ ಮರೆತು ಪಡಸಾಲೆ ದಾಟಿದಳು. ಹುಟ್ಟಿದಾಗಿನಿಂದ ದನಿ ಏರಿಸಿ ಮಾತಾಡದ ಹೆಣ್ಣುಮಗಳು ಬಾಗಿಲಲ್ಲಿ ನಿಂತು ಕೂಗಿಬಿಟ್ಟಳು:

"ತಡಿಯವ್ವ, ಬೆಲ್ಲ ಹಾಕಬ್ಯಾಡ್ರಿ!"

ರಾಜಾಬೀಯ ಕೈ ಗಾಳಿಯಲ್ಲೇ ನಿಂತಿತು. ಶುಭಕಾರ್ಯದ ದಿನ ಸಿಹಿ ಬೇಡ ಎಂದು ಹೆಣ್ಣಿನ ಅಜ್ಜಿ ಕೂಗಿದ್ದಾಳೆ. ಶೈಲಜಾ ಬಾಯಿಗೆ ಸೆರಗು ಒತ್ತಿಕೊಂಡಳು. ಹುಡುಗ ಶಿವಕಾಂತ ಒಳಕೋಣೆಯಿಂದ ಹೊರಗೆ ಬಂದು ನಿಂತ.

"ಏನಬೇ ಯವ್ವಾ," ಎಂದ ಶಿವಶರಣಪ್ಪ, ಒಂದೊಂದೇ ಮಾತು ತೂಗಿ. "ಬೆಲ್ಲ ಬ್ಯಾಡಂದ್ರ, ನಮ್ಮ ಸಂಬಂಧಾನೂ ಬ್ಯಾಡೇನು?"

ಶೇಖರಮ್ಮನಿಗೆ ಆಗ ತಿಳಿಯಿತು ತಾನು ಏನು ಅಂದುಬಿಟ್ಟೆನೆಂದು. ಸಂಬಂಧ ಬೇಕು, ಬೇಕೇ ಬೇಕು ಎಂದು ಹೇಳಬೇಕು. ಹೇಳಿದರೆ ಮಗನ ಗುಟ್ಟು ಒಡೆಯಬೇಕು. ಅವಳು ಮಗನ ಕಡೆ ನೋಡಿದಳು.

ಸಂಗನಬಸವ ಎದ್ದು ನಿಂತ.

"ತಪ್ಪು ಅವ್ವಂದಲ್ಲರಿ, ನಂದು," ಎಂದ. "ನಾ ಹೊಟ್ಟಿ ಸಣ್ಣದು ಮಾಡಿಸ್ಕೊಂಡೀನ್ರಿ, ಆಪರೇಷನ್ ಮಾಡಿಸಿ. ಸಿಹಿ ತಿಂದ್ರ ಕಣ್ಣಿಗಿ ಕತ್ತಲಿ ಬರ್ತೈತಿ. ನಿಮಗ ಹೇಳಾಕ ನಾಚಿಕಿ ಆತು. ನೀವು ಬಡಿಸಿದ್ದು ಉಣಲಿಲ್ಲಂದ್ರ ಸಂಬಂಧ ಮುರೀತೈತಿ ಅಂತ ಹೆದರಿ, ಸತ್ರೂ ಹೋಳಿಗಿ ಉಂಡೇ ಸಾಯಾಣ ಅಂತ ಬಂದಿದ್ದೆ."

"ರೋಗ ಅಲ್ಲ?" ಎಂದು ಕೇಳಿದ ಶಿವಶರಣಪ್ಪ.

"ಅಲ್ಲರಿ. ಮೊದ್ಲಿನ ಮೈಗೆ ನೆಲದ ಮ್ಯಾಲ ಕೂಡಾಕ ಬರ್ತಿರಲಿಲ್ಲ. ಕೂತ್ರ ಏಳಾಕ ನಾಕು ಮಂದಿ ಬೇಕಾಗ್ತಿತ್ತು. ಮಗಳ ಲಗ್ನದಾಗ ಕುರ್ಚಿ ಮ್ಯಾಲ ಕೂತು ಆಕಿ ಕೈ ಅಳಿಯನ ಕೈಯಾಗ ಕೊಡಾಕ ನನಗ ಮನಸಿರಲಿಲ್ಲ. ಅದಕ್ಕ ಮಾಡಿಸ್ಕೊಂಡೆ."

ಶೇಖರಮ್ಮನಿಗೂ ಈ ಮಾತು ಹೊಸದು. ಸಕ್ಕರೆ ಕಾಯಿಲೆ, ಮೊಣಕಾಲು ನೋವು ಎಂದು ಮಾತ್ರ ಹೇಳಿದ್ದ.

ಶಿವಶರಣಪ್ಪ ಮೀಸೆ ಸವರತೊಡಗಿದ. ಅಷ್ಟರಲ್ಲಿ ಅಡಿಗೆಮನೆಯಿಂದ ಸುಕನ್ಯಾಳ ದನಿ ಬಂತು. "ಅಜ್ಜಾ, ನೀ ಆಮ್ಯಾಲ ವಿಚಾರ ಮಾಡು, ಬ್ಯಾಳಿ ಆರಾಕತ್ತೈತಿ. ಯವ್ವಾ, ಒಳಗ ಬರ್ರಿ. ಎಷ್ಟು ತೆಗೀಲಿ?"

"ಒಂದು ಸಣ್ಣ ಬಟ್ಟಲ ಸಾಕವ್ವ," ಎಂದು ಶೇಖರಮ್ಮ ಹೊಸ್ತಿಲು ದಾಟಿದಳು.

ಆಮೇಲೆ ನೋಡಬೇಕು ಆ ಅಡಿಗೆಮನೆಯ ಗದ್ದಲ. ಮನೆಯ ಹೆಣ್ಣುಮಕ್ಕಳಲ್ಲಿ ಒಬ್ಬಳು ಕಡಗೋಲು ಹುಡುಕಿದಳು, ಒಬ್ಬಳು ಜೀರಿಗೆ ಹುರಿದಳು. ಶೇಖರಮ್ಮ ಬೇಳೆಗೆ ಒಂದಿಷ್ಟು ಕಟ್ಟು ಬೆರೆಸಿ, ನುಣ್ಣಗೆ ಮಸೆದು, ಚಿಟಿಕೆ ಉಪ್ಪು ಹಾಕಿ, ಮೇಲೆ ಗಟ್ಟಿ ಮೊಸರು ಇಟ್ಟಳು. "ಇಷ್ಟ ಏನ್ರಿ?" ಎಂದಳು ಸುಕನ್ಯಾ. "ಇಷ್ಟ. ಒಗ್ಗರಣಿ ಬ್ಯಾಡ." ರಾಜಾಬೀ ತಾಟು ಹಿಡಿದೇ ನಿಂತಿದ್ದಳು. "ಇನ್ನ ಹಾಕ್ಲೇನವ್ವ? ನನ್ನ ಕೈ ಬಿದ್ದು ಹೋಗಾಕತ್ತಾವ," ಎಂದಳು. ಎಲ್ಲರೂ ನಕ್ಕರು. ಉಳಿದ ಬೇಳೆಗೆ ಬೆಲ್ಲ ಬಿತ್ತು. ಏಲಕ್ಕಿಯ ಘಮ ಪಡಸಾಲೆಗೂ ಹೋಯಿತು.

ಪಂಕ್ತಿ ಕೂತಿತು, ನೆಲದ ಮೇಲೆ. ಸಂಗನಬಸವ ಚಕ್ಕಳಮಕ್ಕಳ ಹಾಕಿ ಶಿವಶರಣಪ್ಪನ ಪಕ್ಕದಲ್ಲಿ ಕೂತ. ಎಲ್ಲರ ಗಂಗಾಳಕ್ಕೆ ಹೋಳಿಗೆ, ತುಪ್ಪ, ಕಟ್ಟಿನ ಸಾರು. ಅವನ ಗಂಗಾಳದ ನಡುವೆ ಪುಟ್ಟ ಬಟ್ಟಲು. ಅದೇ ಮನೆಯ ಬೇಳೆ, ಅದೇ ಬೋಗುಣಿಯದು.

ಪಂಕ್ತಿಯಲ್ಲಿದ್ದ ಹರೆಯದ ಹುಡುಗರು ಗಬಗಬ ಉಂಡು ಮುಗಿಸಿದರು. ಆದರೆ ಹಿರಿಯ ಏಳುವತನಕ ಯಾರೂ ಏಳುವಂತಿಲ್ಲ, ಹಿರಿಯನೋ ಇನ್ನೂ ಅರ್ಧ ಹೋಳಿಗೆಯಲ್ಲೇ ಇದ್ದ. ಶಿವಶರಣಪ್ಪನ ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ. ತುತ್ತನ್ನು ವಸಡಿನಲ್ಲಿ ಆಡಿಸಿ ಆಡಿಸಿ ನುಂಗಬೇಕು. ಇತ್ತ ಸಂಗನಬಸವನೂ ಡಾಕ್ಟರ್ ಹೇಳಿದಂತೆ ಒಂದು ಚಮಚ ಬಾಯಿಗಿಟ್ಟು, ಅಗಿದು ಅಗಿದು, ನುಂಗಿ, ಚಮಚ ಕೆಳಗಿಟ್ಟು ಕಾಯುತ್ತಿದ್ದ. ಬೆವರಿಲ್ಲ, ನಡುಕವಿಲ್ಲ. ಶೇಖರಮ್ಮ ಬಾಗಿಲ ಸಂದಿಯಿಂದ ನೋಡುತ್ತಿದ್ದಳು.

ಮುದುಕ ಕೊನೆಯ ತುತ್ತು ನುಂಗುವುದಕ್ಕೂ ಬಟ್ಟಲಿನ ತಳ ಕಾಣುವುದಕ್ಕೂ ಸರಿಹೋಯಿತು. ಶಿವಶರಣಪ್ಪ ಆ ಖಾಲಿ ಬಟ್ಟಲನ್ನು ನೋಡಿದ, ಬೀಗನ ಮುಖ ನೋಡಿದ.

"ಇಷ್ಟು ವರ್ಷ ಪಂಕ್ತಿಯಾಗ ಎಲ್ಲಾರೂ ಮುಗಿಸಿ ನನ್ನ ಬಾಯಿ ನೋಡ್ಕೋತ ಕುಂದರ್ತಿದ್ರು," ಎಂದ. "ನಾ ಹೊಟ್ಟಿ ತುಂಬೂಕಿಂತ ಮೊದ್ಲ ಏಳ್ತಿದ್ದೆ. ಇವತ್ತು ನನ್ನ ಜೋಡಿ ಉಣ್ಣಾಂವ ಸಿಕ್ಕ. ಏ ಸುಕನ್ಯಾ, ಕುಂಕುಮ ತೊಗೊಂಡು ಬಾ. ಹೆಣ್ಣಿನ ಅವ್ವಗ ಉಡಿ ತುಂಬು."

ಸಂಗನಬಸವ ನೆಲಕ್ಕೆ ಕೈಯೂರದೆ ಎದ್ದು, ಮುದುಕನಿಗೆ ಕೈ ಕೊಟ್ಟು ಎಬ್ಬಿಸಿದ. ಶೈಲಜಾ ಉಡಿಯೊಡ್ಡಿ ಕೂತಳು.

ಶೇಖರಮ್ಮನ ಚೀಲದಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ತೆಗೆದು ಕಿವಿಗಿಟ್ಟಳು.

"ಆಯಿ, ಏನಾತು ಹೇಳಬೇ, ಅಪ್ಪ ಉಂಡನೋ ಇಲ್ಲೋ?"

"ಉಂಡ," ಎಂದಳು ಶೇಖರಮ್ಮ. ಆಚೆ ಸೊಸೆಯ ಉಡಿಗೆ ಅಕ್ಕಿ ಬೀಳುತ್ತಿತ್ತು. ಮತ್ತೊಮ್ಮೆ ಅದನ್ನೇ ಹೇಳಿದಳು, "ಉಂಡನವ್ವ."