ಮೂರನೆಯ ಆಂಪ್ಲಿಫೈಯರ್

ಮನುಷ್ಯನ ಬದುಕಿನಲ್ಲಿ ಹುಟ್ಟು, ಮದುವೆ, ಸಾವುಗಳಷ್ಟೇ ಗಂಭೀರವಾಗಿ ಯೋಚಿಸಬೇಕಾದ ನಾಲ್ಕನೆಯ ಸಂಗತಿಯೊಂದಿದೆ: ಎದೆಯೆತ್ತರದ ಟವರ್ ಸ್ಪೀಕರುಗಳಿಗೆ ಎಂಥ ಆಂಪ್ಲಿಫೈಯರ್ ಜೋಡಿಸಬೇಕು ಎಂಬುದು. ಈ ವಿಷಯದಲ್ಲಿ ಕಿವಿ ಮೇಷ್ಟ್ರು ಆಗಲೇ ಎರಡು ಸಲ ಎಡವಿದ್ದರು. ಆ ಭಾನುವಾರ ಬೆಳಿಗ್ಗೆ ಮೂರನೆಯದು ನಡುಮನೆಯ ಮೇಜಿನ ಮೇಲೆ ಕೂತಿತ್ತು. ರಿಪೇರಿಯವನು ಅದರ ಬೆನ್ನಿಗೆ ತಂತಿ ಸಿಕ್ಕಿಸುತ್ತಿದ್ದ, ಅಳಿಯ ಟಾರ್ಚ್ ಹಿಡಿದಿದ್ದ. ಮೇಷ್ಟ್ರ ಹೆಂಡತಿ, ಯಾವುದಕ್ಕೂ ಇರಲಿ ಎಂದು, ಕಪಾಟಿನ ಗಾಜಿನ ಲೋಟಗಳನ್ನೆಲ್ಲ ಅಡುಗೆಮನೆಗೆ ಸಾಗಿಸುತ್ತಿದ್ದರು.

ಮೇಷ್ಟ್ರೆಂದರೆ ಪಾಠ ಹೇಳುವವರಲ್ಲ. ಕಾಗದದ ಕಾರ್ಖಾನೆಯಲ್ಲಿ ಕಬ್ಬಿಣದ ಕಡ್ಡಿಯ ಒಂದು ತುದಿಯನ್ನು ಓಡುವ ಯಂತ್ರಕ್ಕೂ ಇನ್ನೊಂದನ್ನು ಕಿವಿಯ ಬುಡಕ್ಕೂ ಒತ್ತಿ, ಒಳಗಿನ ಬೇರಿಂಗ್ ಕೈಕೊಡುವ ಮೊದಲೇ ಹೇಳುವುದು ಅವರ ಕೆಲಸ. ಕೆಡಲು ಹೊರಟ ಬೇರಿಂಗ್ ಮೊದಲು ಸೊಳ್ಳೆಯಂತೆ ಸಣ್ಣಗೆ ಕುಂಯ್ಗುಡುತ್ತದೆ. ಆಮೇಲೆ ಗೊರಗೊರ ಎನ್ನುತ್ತದೆ. ಅದಾದ ಮೇಲೆ ಹೇಳುವುದಕ್ಕೆ ಹತ್ತಿರ ಯಾರೂ ಉಳಿದಿರುವುದಿಲ್ಲ. ಮೂವತ್ತೊಂದು ವರ್ಷದಿಂದ ಮೇಷ್ಟ್ರು ಸೊಳ್ಳೆಯ ಹಂತದಲ್ಲೇ ಹಿಡಿಯುತ್ತ ಬಂದಿದ್ದರು. ಇದೇ ಕೆಲಸಕ್ಕೆಂದು ಕಂಪನಿ ಒಂದು ಮೀಟರನ್ನೂ ತರಿಸಿತ್ತು. "ಮೇಷ್ಟ್ರ ಕಿವಿ ಇರೋವಾಗ ಇದಕ್ಯಾಕೆ ಬ್ಯಾಟರಿ ದಂಡ" ಎಂದು ಮ್ಯಾನೇಜರು ಅದನ್ನು ಬೀರುವಿನಲ್ಲಿಟ್ಟು ಬೀಗ ಜಡಿದಿದ್ದರು. ಯಂತ್ರದ ಸದ್ದಿನ ಬಗ್ಗೆ ಮೇಷ್ಟ್ರಿಗಿಂತ ಮೊದಲು ಬಾಯಿ ಬಿಡುವುದು ಅಲ್ಲಿ ಹೆಚ್ಚುಕಡಿಮೆ ಅಸಭ್ಯತೆಯೇ. ಏಳನೆಯ ಯಂತ್ರ ಓಡಿಸುವವನು ಈ ಅಳಿಯ.

ಟವರುಗಳು ಬಂದು ಆರು ತಿಂಗಳಾಗಿತ್ತು. ಮೊದಲ ದಿನವೇ ಮೇಷ್ಟ್ರು, "ದಪ್ಪ ಸದ್ದೇನೋ ಬರುತ್ತೆ, ಸಣ್ಣದು ಬರ್ತಿಲ್ಲ. ತಾಳಕ್ಕೆ ಯಾರೋ ಕಂಬಳಿ ಹೊದಿಸಿದ ಹಾಗಿದೆ" ಎಂದಿದ್ದರು. ಮೂವತ್ತು ವ್ಯಾಟಿನ ಆಂಪ್ಲಿಫೈಯರಿನ ತಿರುಗಣೆಗಳನ್ನೆಲ್ಲ ಕೊನೆಯವರೆಗೆ ತಿರುಗಿಸಿ ಕೂತರು. ತಿಂಗಳೊಪ್ಪತ್ತಿನಲ್ಲಿ ಟವರಿನೊಳಗೆ ಸಣ್ಣ ಸದ್ದಿಗೆಂದೇ ಇರುವ ಪುಟ್ಟ ಸ್ಪೀಕರುಗಳು, ಅಂದರೆ ಟ್ವೀಟರುಗಳು, ಎರಡೂ ಸುಟ್ಟುಹೋದವು. ಎರಡನೆಯ ಆಂಪ್ಲಿಫೈಯರು ಈ ಟವರುಗಳ ನಾಲ್ಕು ಓಮ್ ಭಾರಕ್ಕೆ ಹೇಳಿಮಾಡಿಸಿದ್ದಲ್ಲ. ಹತ್ತು ನಿಮಿಷಕ್ಕೆ ಕಾದ ಹೆಂಚಾಗಿ ತಾನೇ ಆರಿಹೋಗುತ್ತಿತ್ತು.

"ಎಲ್ರೂ ದೊಡ್ಡ ಆಂಪ್ಲಿಫೈಯರ್ ಹಾಕಿದ್ರೆ ಸ್ಪೀಕರ್ ಸುಡುತ್ತೆ ಅಂದ್ಕೋತಾರೆ" ಎಂದ ರಿಪೇರಿಯವನು, ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡೇ. "ಸುಡೋದು ಚಿಕ್ಕದು. ತಾಕತ್ತಿಲ್ಲದೋನ ಹತ್ರ ಕೂಗ್ಸಿದ್ರೆ ಗಂಟಲು ಒಡೆಯುತ್ತಲ್ಲ, ಆ ಒಡಕೆಲ್ಲ ಹೋಗಿ ಟ್ವೀಟರ್ ಮೇಲೆ ಬೀಳುತ್ತೆ."

"ಸುಟ್ಟ ದಿನ ನಾನು ನೆಮ್ಮದಿಯಾಗಿ ನಿದ್ದೆ ಮಾಡ್ದೆ ಕಣಪ್ಪಾ" ಎಂದರು ಹೆಂಡತಿ ಒಳಗಿನಿಂದ. "ಅಲ್ಲಿತನಕ ಕಿವಿಗೆ ದಬ್ಬಣ ಹಾಕಿದ ಹಾಗಿರ್ತಿತ್ತು. ಇವರಿಗೆ ಮಾತ್ರ ಸಾಲ್ತಿರ್ಲಿಲ್ಲ."

"ಅತ್ತೆ, ನಮ್ಮ ಕಿವಿ ಬೇರೆ, ಮಾವನ ಕಿವಿ ಬೇರೆ" ಎಂದ ಅಳಿಯ ಹೆಮ್ಮೆಯಿಂದ. "ಅವರಿಗೆ ಒಪ್ಪೋ ಆಂಪ್ಲಿಫೈಯರ್ ಹುಟ್ಟೋದಕ್ಕೆ ಇನ್ನೂ ಟೈಮಿದೆ."

"ಹುಟ್ಟಿದೆ, ಇದೇ" ಎಂದ ರಿಪೇರಿಯವನು. ಓಮ್ ಅಳೆದು, ನಡುಮನೆಯ ಉದ್ದಗಲ ಹೆಜ್ಜೆಯಲ್ಲಿ ಎಣಿಸಿ, ಹೊಸ ಟ್ವೀಟರ್ ಕೂರಿಸಿ, ನೂರಿಪ್ಪತ್ತು ವ್ಯಾಟಿನ ಈ ಯಂತ್ರವನ್ನು ಅವನು ಖುದ್ದಾಗಿ ಆರಿಸಿ ತಂದಿದ್ದ. ಹಾಡು ಹಾಕಿದ. ಅಳಿಯ ಬಾಯಿ ತೆರೆದು ನಿಂತ. ಸೌಟು ಹಿಡಿದೇ ಹೊರಗೆ ಬಂದ ಹೆಂಡತಿ, "ಅಯ್ಯೋ, ಗಾಯಕಿ ಉಸಿರೆಳ್ಕೊಳ್ಳೋದೂ ಕೇಳುತ್ತಲ್ರೀ!" ಎಂದರು.

ಮೇಷ್ಟ್ರು ಕಣ್ಣು ಮುಚ್ಚಿ ಕೇಳಿದರು. ಕಂಬಳಿ ಹಾಗೇ ಇತ್ತು.

"ಹೇಗಿದೆ ಮೇಷ್ಟ್ರೇ?"

"ಇನ್ನೂ ಒಂಚೂರು... ಸಣ್ಣದು..."

ರಿಪೇರಿಯವನ ಮುಖ ಸಪ್ಪಗಾಯಿತು. ಕಸುಬಿನ ಮಾನದ ಪ್ರಶ್ನೆ. "ಹಾಗಾದ್ರೆ ಹಾಡು ಬೇಡ. ಬರೀ ಸ್ವರ ಬಿಡ್ತೀನಿ, ಕೆಳಗಿಂದ ಮೇಲಕ್ಕೆ. ಎಲ್ಲಿ ತಪ್ಪುತ್ತೆ ನೀವೇ ಹೇಳಿ" ಎಂದು ಚೀಲದಿಂದ ಪುಟ್ಟ ಪೆಟ್ಟಿಗೆಯೊಂದನ್ನು ತೆಗೆದು ಜೋಡಿಸಿದ. ಗುಂಯ್ಯೆಂದು ಶುರುವಾದ ಸ್ವರ ಮೆಟ್ಟಿಲೇರಿತು, ಕೊಳಲಾಯಿತು, ಸೀಟಿಯಾಯಿತು. ಸೀಟಿ ತೆಳ್ಳಗಾಯಿತು. ಆಮೇಲೆ ಮೇಷ್ಟ್ರ ಪಾಲಿಗೆ ನಡುಮನೆ ನಡುಮನೆಯಾಗಿಯಷ್ಟೇ ಉಳಿಯಿತು: ಟವರು, ಮೇಜು, ಗೋಡೆಯ ಗಡಿಯಾರ. ಹೆಂಡತಿ ಹಲ್ಲು ಕಚ್ಚಿ ಕಿವಿ ಮುಚ್ಚಿಕೊಂಡರು. ಅಳಿಯ ಮುಖ ಹಿಂಡಿದ. ಇಬ್ಬರನ್ನೂ ನೋಡಿ ಮೇಷ್ಟ್ರು ತಾವೂ ಎರಡು ಕೈಗಳಿಂದ ಕಿವಿ ಮುಚ್ಚಿ, "ಸಾಕು, ಸಾಕಪ್ಪಾ!" ಎಂದರು.

ಹೆಂಡತಿ ಸೀದುಹೋಗುತ್ತಿದ್ದ ಒಗ್ಗರಣೆಯ ಕಡೆ ಓಡಿದರು. ಅಳಿಯ ಕೆಳಗೆ ಬಿದ್ದ ಟಾರ್ಚಿಗೆ ಬಗ್ಗಿದ. ರಿಪೇರಿಯವನು ಪೆಟ್ಟಿಗೆಯ ತಂತಿ ಕೈಯಲ್ಲಿ ಹಿಡಿದು ನಿಂತಿದ್ದ. ಅವನು ಅದನ್ನು ಕಿತ್ತು ಆಗಲೇ ಹೊತ್ತಾಗಿತ್ತು. ಮೇಷ್ಟ್ರ ಕೈಗಳಿನ್ನೂ ಕಿವಿಯ ಮೇಲೇ ಇದ್ದವು.

"ಈಗ ಸರಿ ಹೋಯ್ತು" ಎಂದರು ಮೇಷ್ಟ್ರು, ಕೈ ಇಳಿಸುತ್ತ. "ಭೇಷಾಗಿದೆ."

ಗೇಟಿನವರೆಗೆ ಅವನನ್ನು ಬಿಡಲು ಹೋದರು. ರಿಪೇರಿಯವನು ಸೈಕಲ್ಲಿಗೆ ಚೀಲ ಕಟ್ಟುತ್ತ, ಕಟ್ಟಿದ್ದನ್ನೇ ಬಿಚ್ಚಿ ಮತ್ತೆ ಕಟ್ಟುತ್ತ, "ಮೇಷ್ಟ್ರೇ, ಒಂದ್ಸಲ ಡಾಕ್ಟ್ರಿಗೆ ತೋರ್ಸಿ" ಎಂದ.

"ನೀನು ಪೆಟ್ಟಿಗೆ ರಿಪೇರಿ ಮಾಡೋನು. ಮನುಷ್ಯರದ್ದು ಯಾವಾಗ ಶುರು ಮಾಡ್ದೆ?"

"ಪೆಟ್ಟಿಗೆಯಾಗಿದ್ರೆ ನಾನೇ ಮಾಡ್ತಿದ್ದೆ."

ಮೇಷ್ಟ್ರು ಬೀದಿಯ ಆಚೆಗೆ ನೋಡಿದರು. "ರಿಟೈರಿಗೆ ಹದಿನಾಲ್ಕು ತಿಂಗಳಿದೆ ಕಣಪ್ಪಾ. ಯಾರಿಗೂ ಹೇಳ್ಬೇಡ."

"ನಾನ್ಯಾಕೆ ಹೇಳ್ಲಿ? ಹೇಳ್ಬೇಕಾದೋರು ನೀವು. ಕಾರ್ಖಾನೆ ಬೀರುವಿನಲ್ಲಿ ಮೀಟರ್ ಇದೆ ಅಂತ ನಿಮ್ಮ ಅಳಿಯ ಹೇಳ್ತಿದ್ರಲ್ಲ, ಅದನ್ನ ತೆಗ್ಸಿ."

"ನಾಳೆ ಮ್ಯಾನೇಜರ ಹತ್ರ ಮಾತಾಡ್ತೀನಿ" ಎಂದರು ಮೇಷ್ಟ್ರು. ಹೇಳುವಾಗ ಅದು ನಿಜವೇ ಆಗಿತ್ತು.

ಸೋಮವಾರ ಮ್ಯಾನೇಜರು ಸಿಗಲೂ ಸಿಕ್ಕರು. ಪಕ್ಕದಲ್ಲಿ ಹೊರಗಿನಿಂದ ಬಂದ ಮೂವರು ಸೂಟಿನವರಿದ್ದರು. "ಇವರೇ ನಾನು ಹೇಳಿದ್ದ ಕಿವಿ" ಎಂದು ಮ್ಯಾನೇಜರು ಮೇಷ್ಟ್ರ ಭುಜ ತಟ್ಟಿದರು. ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕರು. ಆಮೇಲೆ ಆ ನಗುವನ್ನು ಎಲ್ಲಿಡಬೇಕೆಂದು ತಿಳಿಯದೆ, ಕಡ್ಡಿ ಹಿಡಿದು ಯಂತ್ರಗಳ ಸಾಲಿಗೆ ನಡೆದರು. ಸೂಟಿನವರು ಹಿಂದೆಯೇ ಬಂದರು.

ಏಳನೆಯದರಲ್ಲಿ ಎಂದಿನ ದಪ್ಪ ಸದ್ದೇ ಇತ್ತು. ಅಭ್ಯಾಸ ತಪ್ಪಿ ಮೇಷ್ಟ್ರು ಈ ಸಲ ಕಣ್ಣು ಮುಚ್ಚಲಿಲ್ಲ; ಯಂತ್ರದ ಪಕ್ಕದಲ್ಲೇ ನಿಂತಿದ್ದ ಅಳಿಯನ ಮುಖ ನೋಡಿದರು. ಅವನ ತಲೆ ಒಂದಿಷ್ಟು ಆಚೆಗೆ ವಾಲಿತ್ತು, ಹುಬ್ಬು ಗಂಟಾಗಿತ್ತು.

"ಏನಾದ್ರೂ ಕೇಳಿಸ್ತಿದೆಯೇನಪ್ಪಾ?" ಎಂದರು, ಅವನ ಕಿವಿಯ ಹತ್ತಿರ ಬಾಗಿ.

"ನಿಮಗೆ, ಮಾವ?"

"ನಿನ್ನ ಕೇಳ್ತಿದೀನಿ."

"ಶುಕ್ರವಾರದಿಂದ ಏನೋ ಸಣ್ಣಗೆ..." ಅಳಿಯ ಸೂಟಿನವರ ಕಡೆ ನೋಡಿ ನಾಚಿಕೊಂಡ. "ಇಲ್ಲ ಬಿಡಿ ಮಾವ. ನಿಮಗೇ ಕೇಳ್ಸದೇ ಇರೋದು ನನಗೆಲ್ಲಿ ಕೇಳ್ಸುತ್ತೆ? ನಿನ್ನೆ ಆ ಪೆಟ್ಟಿಗೆ ಕಿರುಚಿದ್ದೇ ಇನ್ನೂ ಕಿವೀಲಿ ಕೂತಿರ್ಬೇಕು."

ಮ್ಯಾನೇಜರು ಗಡಿಯಾರ ನೋಡಿಕೊಂಡರು. ಮೇಷ್ಟ್ರು ಕಡ್ಡಿಯನ್ನು ಇನ್ನೊಮ್ಮೆ ಒತ್ತಿದರು, ಮೂಳೆ ನೋಯುವಷ್ಟು. ಒಳಗೆ ಕಂಬಳಿ ಹೊದ್ದ ಕತ್ತಲು ಗುಂಯ್ಗುಡುತ್ತಿತ್ತು. ಕಡ್ಡಿ ತೆಗೆದರು. ಪಟ್ಟಿಯಲ್ಲಿ ಏಳರ ಮುಂದೆ "ಸರಿ ಇದೆ" ಎಂದು ಬರೆದು ಸಹಿ ಹಾಕಿದರು.

ಏಳನೆಯ ಯಂತ್ರ ಬುಧವಾರ ಮಧ್ಯಾಹ್ನ ಎರಡೂವರೆಯವರೆಗೆ ಓಡಿತು.