ಅರ್ಧ ಕೊಯ್ದ ಹಲಗೆ

ಟೇಕ್ವಾಂಡೋ ತರಗತಿಯ ಹಸಿರು ಬೆಲ್ಟಿನ ಸಾಲಿನಲ್ಲಿ ದರ್ಜಿ ಅಕ್ಕನ ಜೊತೆ ನಿಂತವರೆಲ್ಲ ಅವಳ ಭುಜಕ್ಕೂ ಬಾರದ ಮಕ್ಕಳು. ಅರ್ಧಕ್ಕರ್ಧ ಮಕ್ಕಳ ಬಿಳಿ ಬಟ್ಟೆ ಹೊಲಿದುಕೊಟ್ಟವಳೂ ಅವಳೇ. ಇಲ್ಲಿ ನಿಲ್ಲುವುದು ವಯಸ್ಸು ನೋಡಿ ಅಲ್ಲ, ಬೆಲ್ಟ್ ನೋಡಿ. ಹಾಗಾಗಿ ಅವಳ ಹದಿನಾಲ್ಕರ ಮಗಳು ಕೆಂಪು ಬೆಲ್ಟ್ ಬಿಗಿದು ಎಲ್ಲರಿಗಿಂತ ಮುಂದೆ, ನಲವತ್ತೈದರ ತಾಯಿ ಎರಡು ಸಾಲು ಹಿಂದೆ.

ಇವತ್ತು ನೀಲಿ ಬೆಲ್ಟಿನ ಪರೀಕ್ಷೆ. ವರಸೆಗಳೆಲ್ಲ ಮುಗಿದು, ಒದ್ದು ಹಲಗೆ ಮುರಿಯುವುದೊಂದೇ ಬಾಕಿ. ಗುರುಗಳು ಹಲಗೆ ಹಿಡಿದು ನಿಂತರು. ಅವಳು ಪಕ್ಕಕ್ಕೆ ತಿರುಗಿ ಒದ್ದಳು. ಪಟ್! ಎರಡು ಹೋಳು. ಚಪ್ಪಾಳೆಯೋ ಚಪ್ಪಾಳೆ.

ಅವಳಿಗೆ ಮಾತ್ರ ಸಮಾಧಾನವಿಲ್ಲ. ಹಿಮ್ಮಡಿಗೆ ಪೆಟ್ಟೇ ಆಗಿರಲಿಲ್ಲ. ಬಗ್ಗಿ ಒಂದು ಹೋಳೆತ್ತಿ, ಮುರಿದ ಅಂಚಿನ ಮೇಲೆ ಹೆಬ್ಬೆರಳು ಸವರಿದಳು. ಹರಿದದ್ದು ಯಾವುದು, ಕತ್ತರಿಸಿದ್ದು ಯಾವುದು ಎಂದು ಕಣ್ಣು ಮುಚ್ಚಿ ಹೇಳಬಲ್ಲ ಬೆರಳು ಅದು. ದಪ್ಪದಲ್ಲಿ ಅರ್ಧ ಸಿಬಿರು ಸಿಬಿರು, ಇನ್ನರ್ಧ ನುಣ್ಣಗೆ.

"ಇದನ್ನ ಗರಗಸದಲ್ಲಿ ಕೊಯ್ದಿದೀರಿ, ಸರ್."

ಗುರುಗಳು ದನಿ ತಗ್ಗಿಸಿದರು. "ಕಾಲಿಗೆ ಏನಾದ್ರೂ ಆದ್ರೆ ಮಿಷನ್ ತುಳಿಯೋರು ಯಾರಕ್ಕಾ? ಈ ವಯಸ್ಸಲ್ಲಿ ಇಲ್ಲಿ ತನಕ ಬಂದಿದ್ದೇ ದೊಡ್ಡದು. ತಗೊಳ್ಳಿ ಬೆಲ್ಟು."

"ಮಿಷನ್ ತುಳಿದೂ ತುಳಿದೂ ಗಟ್ಟಿಯಾಗಿರೋ ಕಾಲು ಇದು. ಇಡೀ ಹಲಗೆ ಕೊಡಿ."

ಮಗಳು ಓಡಿಬಂದು ತೋಳು ಜಗ್ಗಿದಳು. "ಅಮ್ಮಾ, ಎಲ್ರೂ ನೋಡ್ತಿದಾರೆ. ಸುಮ್ನೆ ತಗೊಂಡು ಬಾ."

"ನೋಡ್ಲಿ ಬಿಡು. ನಿನ್ನ ಹಲಗೆ ಯಾರಾದ್ರೂ ಕೊಯ್ದುಕೊಟ್ಟಿದ್ರೇನೇ?"

ಮಗಳು ತೋಳು ಬಿಟ್ಟಳು. ತಲೆ ತಗ್ಗಿಸಿ ತನ್ನ ಸಾಲಿಗೆ ಹೋದಳು.

ಇಡೀ ಹಲಗೆ ಬಂತು. ಪ್ರತಿಯೊಬ್ಬರಿಗೂ ಮೂರೇ ಅವಕಾಶ. ಮೊದಲ ಒದೆತಕ್ಕೆ ಅದು ಅಲುಗಲಿಲ್ಲ. ಎರಡನೆಯದಕ್ಕೆ ಗುರುಗಳೇ ಒಂದು ಹೆಜ್ಜೆ ಹಿಂದೆ ಸರಿದರು; ಹಲಗೆ ಜಪ್ಪಯ್ಯ ಅಂದರೂ ಬಿರುಕು ಬಿಡಲಿಲ್ಲ. ಮೂರನೆಯದಕ್ಕೆ ಅವಳ ಕಣ್ಣಲ್ಲಿ ನೀರು ಬಂತು, ಅಷ್ಟೇ.

ಗುರುಗಳು ನೀಲಿ ಬೆಲ್ಟನ್ನು ಮತ್ತೆ ಚಾಚಿದರು. ಅವಳು ಮುಟ್ಟಲಿಲ್ಲ. ಸಡಿಲಾಗಿದ್ದ ಹಸಿರು ಬೆಲ್ಟನ್ನೇ ಬಿಚ್ಚಿ, ಎಳೆದು ಬಿಗಿದಳು.

"ಮೂರು ತಿಂಗಳಿಗೆ ಮತ್ತೆ ಪರೀಕ್ಷೆ ಇದೆಯಲ್ಲ ಸರ್? ಗರಗಸ ಮನೇಲಿಟ್ಟು ಬನ್ನಿ."

ಕುಂಟುತ್ತಾ ಹೋಗಿ ಹಸಿರು ಸಾಲಿನಲ್ಲಿ ನಿಂತಳು. ಪಕ್ಕದ ಪುಟಾಣಿ ಪಿಸುಗುಟ್ಟಿದಳು, "ಆಂಟಿ, ಫೇಲಾ?"

"ಹೂಂ ಕಣೇ. ಅಪ್ಪಟ ಫೇಲು."

ಸಾಲಿನಲ್ಲಿ ನಿಂತವರು ತಿರುಗಿ ನೋಡಬಾರದೆಂಬುದು ಅಲ್ಲಿಯ ನಿಯಮ. ಮುಂದಿನ ಸಾಲಿನಿಂದ ಮಗಳು ತಿರುಗಿದಳು. ಗುರುಗಳು ಗದರಿದರೂ ಅಮ್ಮನನ್ನು ನೋಡುತ್ತಲೇ ನಿಂತಳು.