ಎಡಗೈಗೆ ಒಲಿದ ಉಳಿ

ನಾನು ಒಂದು ಉಳಿ. ಅದಕ್ಕೂ ಮೊದಲು ಲಾರಿಯ ಸ್ಪ್ರಿಂಗ್ ಪಟ್ಟಿಯಾಗಿದ್ದೆ. ಊರೂರಿನ ಗುಂಡಿಗಳ ಏಟು ತಿಂದು ಬೆನ್ನು ಮುರಿದ ಮೇಲೆ ಚನ್ನಪಟ್ಟಣದ ಕಮ್ಮಾರನೊಬ್ಬನ ಕುಲುಮೆಗೆ ಬಿದ್ದೆ. ಅವನು ಕಾಯಿಸಿ, ಬಡಿದು, ನನಗೊಂದು ಬಾಯಿ ಕೊಟ್ಟ. ಹಿಡಿ ಹಾಕಿಸಿಕೊಂಡು ಮನೆಗೆ ಒಯ್ದವರು ಖಾದರ್ ಸಾಬರು. ಲೇತಿನ ಮೇಲೆ ಹಾಲೆ ಮರದ ತುಂಡು ತಿರುಗಿಸಿ, ಅರಗಿನ ಬಣ್ಣ ಹತ್ತಿಸಿ, ಕುಂಕುಮದ ಭರಣಿ ಕಡೆಯುವುದರಲ್ಲಿ ಅವರದು ಎತ್ತಿದ ಕೈ.

ಸಾಬರು ನನ್ನ ಬಾಯಿಯನ್ನು ತಮ್ಮ ಬಲಗೈಗೆ ಹೊಂದುವಂತೆ ಒಂದೇ ಮಗ್ಗುಲಿಗೆ ಓರೆಯಾಗಿ ಮಸೆದಿದ್ದರು. ಉಸ್ತಾದರ ಉಳಿಯನ್ನು ಬೇರೆ ಯಾರೂ ಸಾಣೆಗೆ ಹಿಡಿಯಬಾರದು, ಅದು ಆ ಕೇರಿಯ ಕಟ್ಟುಪಾಡು. ಮುಚ್ಚಳದ ವಿಷಯದಲ್ಲೂ ಅವರು ಬಲು ಬಿಗಿ. ಭರಣಿಯನ್ನು ಬೋರಲು ಹಿಡಿದರೆ ಮುಚ್ಚಳ ಬೀಳಬಾರದು, ಎಳೆದರೆ ಟಪ್ ಎಂದು ಬಿಡಬೇಕು. ಹಾಗೆ ಮಾಡಲಾರದವರು ಸೌದೆ ಸೀಳಿಕೊಂಡಿರಲಿ ಎನ್ನುತ್ತಿದ್ದರು.

ಆಮೇಲೆ ಸಾಬರ ಬಲಗೈಗೆ ನಡುಕ ಬಂತು. ಭರಣಿ ಕಡೆಯುವವರು ಸಿಗದಿದ್ದರೆ ಹಬ್ಬ ಕಳೆದ ಮೇಲೆ ಲೇತು ಮಾರಿ ಬಾಗಿಲು ಹಾಕುವುದೆಂದು ತೀರ್ಮಾನವಾಯಿತು. ಆಗ ಮುಂದೆ ಬಂದವಳು ಚಿಕ್ಕತಾಯಮ್ಮ. ವರ್ಷಗಟ್ಟಲೆ ಅಲ್ಲೇ ಕೂತು, ತಾಳೆಗರಿ ಒತ್ತಿ, ಭರಣಿಗಳಿಗೆ ಹೊಳಪು ಕೊಟ್ಟವಳು. ಅವಳಿಗೆ ಬೇರೆ ಕೆಲಸ ಗೊತ್ತಿರಲಿಲ್ಲ, ಗೊತ್ತಿದ್ದರೂ ಬೇಕಿರಲಿಲ್ಲ. ಆದರೆ ಅವಳು ಎಡಚಿ.

"ಮಂಗಳದ ಸಾಮಾನು, ತಾಯಮ್ಮ. ಎಡಗೈಲಿ ಮಾಡಿದ್ರೆ ಯಾರು ತಗೋತಾರೆ?" ಎಂದರು ಸಾಬರು.

ಸರಿ, ಬಲಗೈಯಲ್ಲೇ ಹಿಡಿದಳು. ನಾನು ಕುಂಟೆತ್ತಿನ ಹಾಗೆ ನಡೆದೆ. ಮುಚ್ಚಳ ಒಂದೋ ಕಚ್ಚಿಕೊಳ್ಳುತ್ತಿತ್ತು, ಇಲ್ಲವೇ ಕಳಚಿ ಬೀಳುತ್ತಿತ್ತು. ಯಾರೂ ಇಲ್ಲದಾಗ ಎಡಗೈಗೆ ಬದಲಿಸಿ ನೋಡಿದಳು. ನನ್ನ ಓರೆ ಬಾಯಿ ಮರಕ್ಕೆ ನಾಟಿಕೊಂಡು ತುಂಡು ಗೋಡೆಗೆ ಹಾರಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಗಾದೆಯಿದೆ. ಇಲ್ಲಿ ನೆಲವೇ ಡೊಂಕು, ಅವಳು ಮಾತ್ರ ತನ್ನ ಕೈಯನ್ನೇ ಬೈದುಕೊಂಡಳು. ನನಗೆ ಬಹಳ ಸಂಕಟವಾಯಿತು.

ಒಂದು ಶುಕ್ರವಾರ ಸಾಬರು ನಮಾಜಿಗೆ ಹೋದರು. ಚಿಕ್ಕತಾಯಮ್ಮ ನನ್ನನ್ನು ಬೆಳಕಿಗೆ ಹಿಡಿದು, ಮಗ್ಗುಲು ಬದಲಿಸಿ ಬದಲಿಸಿ ನೋಡಿದಳು. ಬಾಗಿಲ ಕಡೆ ಒಮ್ಮೆ ಕಣ್ಣು ಹಾಯಿಸಿ, ಸಾಣೆ ಚಕ್ರ ತಿರುಗಿಸಿಯೇ ಬಿಟ್ಟಳು. ಕಿಡಿ ಹಾರಿತು. ನನಗೆ ಉರಿಗಿಂತ ಭಯವೇ ಹೆಚ್ಚು. ನನ್ನ ಓರೆ ಇನ್ನೊಂದು ಮಗ್ಗುಲಿಗೆ ಬಂತು.

ಎಡಗೈಯಲ್ಲಿ ಈಗ ನಾನು ಸಲೀಸಾಗಿ ಓಡಿದೆ. ಸಾಬರ ಗುಂಡು ಭರಣಿಯ ಗೊಡವೆಗೆ ಅವಳು ಹೋಗಲಿಲ್ಲ. ಸಾರಿಗೆಂದು ಕೊಂಡಿದ್ದ ಬದನೆಕಾಯಿಯೊಂದನ್ನು ಎದುರಿಗಿಟ್ಟುಕೊಂಡು ಅದರ ಆಕಾರಕ್ಕೇ ಭರಣಿ ಕಡೆದಳು. ಕೆಳಗೆ ಡೊಳ್ಳು ಹೊಟ್ಟೆ, ಮೇಲೆ ಸಣ್ಣ ಕತ್ತು, ತೊಟ್ಟೇ ಮುಚ್ಚಳ. ಮೈಗೆ ನೇರಳೆ ಅರಗು, ತೊಟ್ಟಿಗೆ ಹಸಿರು. ತಾಳೆಗರಿ ಒತ್ತುವಷ್ಟರಲ್ಲಿ ಸಾಬರು ಬಂದೇಬಿಟ್ಟರು.

ಅವರು ಭರಣಿ ನೋಡಲಿಲ್ಲ. ನನ್ನನ್ನು ಎತ್ತಿಕೊಂಡು ಬಾಯಿಯನ್ನು ಹೆಬ್ಬೆರಳಿನಿಂದ ಸವರಿದರು. ಮುಖ ಕಪ್ಪಿಟ್ಟಿತು.

"ನನ್ ಉಳಿ ಸಾಣೆಗೆ ಹಿಡಿದಿದ್ದು ಯಾರು?"

"ನಾನೇ ಸಾಬ್ರೆ. ಕೈ ಬದ್ಲಾಯ್ಸಕ್ಕೆ ಆಗ್ನಿಲ್ಲ. ಅದ್ಕೆ ಉಳೀನೇ ಬದ್ಲಾಯ್ಸ್ದೆ."

ಸಾಬರು ಭರಣಿಯನ್ನು ಬೋರಲು ಹಿಡಿದರು. ಅವರ ಕೈ ನಡುಗಿತು, ಮುಚ್ಚಳ ಬೀಳಲಿಲ್ಲ. ಎಳೆದರು. ಟಪ್. ಮುಚ್ಚಿ ಮತ್ತೆ ಎಳೆದರು. ಟಪ್.

"ಯಾವ ಕೈಲಿ ಮಾಡಿದ್ದು ಅಂತ ಇದು ಬಾಯಿ ಬಿಡಲ್ಲ," ಎಂದರು ಕೊನೆಗೆ. "ನಾನೂ ಬಿಡಲ್ಲ. ನಾಳೆಯಿಂದ ನೀನೇ ಕೂತ್ಕೊ."

ಚಿಕ್ಕತಾಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ನನಗೂ ಹೋದ ಜೀವ ಬಂದಂತಾಯಿತು. ಲೇತು ಮಾರುವ ಮಾತು ಅಲ್ಲಿಗೆ ನಿಂತಿತು. ಆ ಭರಣಿ ಮಾತ್ರ ಮಾರಾಟಕ್ಕೆ ಹೋಗಲಿಲ್ಲ. ಸಾಬರು ಅದರಲ್ಲಿ ಅಡಿಕೆ ಚೂರು ತುಂಬಿಕೊಂಡು ಜಗಲಿಯಲ್ಲಿ ಕೂತರು.

ಮಸೆದು ಮಸೆದು ಈಗ ನಾನು ಬೆರಳುದ್ದವಾಗಿದ್ದೇನೆ. ಅರಗಿನ ಚೂರುಗಳ ಜೊತೆ ಒಂದು ಡಬ್ಬಿಯಲ್ಲಿ ನನ್ನ ವಾಸ. ಮೊನ್ನೆ ಹೊಸಬಳೊಬ್ಬಳು ಕೆಲಸ ಕಲಿಯಲು ಬಂದು ಚಿಕ್ಕತಾಯಮ್ಮನ ಈಗಿನ ಉಳಿಗೆ ಕೈ ಚಾಚಿದಳು. ಚಿಕ್ಕತಾಯಮ್ಮ ಬಾಯಿ ಮಸೆಯದ ಹೊಸ ಉಳಿಯೊಂದನ್ನು ಕೊಟ್ಟು ಸಾಣೆ ತೋರಿಸಿದಳು.

"ಮೊದ್ಲು ನಿನ್ ಕೈಗೆ ತಕ್ಕಂಗೆ ಮಸ್ಕೊ. ಮರ ಆಮೇಲೆ."

ಸಾಣೆಯ ಸದ್ದು ಕೇಳುತ್ತಾ ಮಲಗಿದ್ದೆ. ಒಬ್ಬರ ಕೈಯನ್ನು ಸುಮ್ಮಸುಮ್ಮನೆ ಬೈಸಿದ ಪಾಪ ನನಗೆ ತಟ್ಟಿದಂತೆ ಆ ಹೊಸ ಉಳಿಗೆ ತಟ್ಟುವುದಿಲ್ಲ. ನಾನಿನ್ನು ನಿಶ್ಚಿಂತೆಯಿಂದ ತುಕ್ಕು ಹಿಡಿಯಬಹುದು.